ಮ್ಯಾಚ್ ದಿನದ ಹೊಟ್ಟೆ: ಬೆನ್ನುಹುರಿಗೆ ಪೆಟ್ಟಾದ ಆಟಗಾರರ ಕರುಳು, ಬ್ಯಾಕ್ಟೀರಿಯಾ ಮತ್ತು ನಮ್ಮ ಅನುಭವಗಳು

ಪ್ರಶ್ನೆ: ಹಡಪಸರ, ಪುಣೆ

ನಮ್ಮ ಊರು ವಿಜಯಪುರದ ಹತ್ತಿರ. ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದೇವೆ. ನನ್ನ ತಮ್ಮನಿಗೆ ಇಪ್ಪತ್ತಾರು ವಯಸ್ಸು. ಮೂರು ವರ್ಷದ ಹಿಂದೆ ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಆಸ್ಪತ್ರೆಯ ಕಾಗದದಲ್ಲಿ ಡಿ-10 ಎಂದಿದೆ, ಅಂದರೆ ಎದೆಯ ಹಿಂದಿನ ಬೆನ್ನುಹುರಿಯ ಹತ್ತನೆಯ ಮಟ್ಟ. ಹೊಕ್ಕುಳಿನ ಕೆಳಗೆ ಸ್ಪರ್ಶ ತಿಳಿಯುವುದಿಲ್ಲ, ಕಾಲು ಆಡುವುದಿಲ್ಲ. ವರ್ಷವಿಡೀ ಗೋಡೆ ನೋಡುತ್ತ ಮಲಗಿದ್ದವನು ಈಗ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಡುತ್ತಾನೆ, ವಾರಕ್ಕೆ ನಾಲ್ಕು ದಿನ ಅಭ್ಯಾಸ.

ತೊಂದರೆ ಹೊಟ್ಟೆಯದು. ಮೂರು ದಿನ, ನಾಲ್ಕು ದಿನ ಏನೂ ಆಗುವುದಿಲ್ಲ. ಆಮೇಲೆ ಅಭ್ಯಾಸದ ನಡುವೆಯೇ ಆಗಿಬಿಡುತ್ತದೆ. ಹೊಟ್ಟೆ ಡೊಳ್ಳಿನ ಹಾಗೆ ಉಬ್ಬಿರುತ್ತದೆ. ಆ ಹೆದರಿಕೆಗೆ ಮ್ಯಾಚಿನ ಹಿಂದಿನ ಸಂಜೆಯಿಂದಲೇ ಊಟ ಬಿಡುತ್ತಾನೆ, ಬಿಸ್ಕತ್ತಿನ ಮೇಲೆ ಆಡುತ್ತಾನೆ. ಈ ವರ್ಷ ಮೂತ್ರದ ಸೋಂಕೆಂದು ನಾಲ್ಕು ಸಲ ಆಂಟಿಬಯಾಟಿಕ್ ಆಯಿತು. ಜಿಮ್ಮಿನ ಹತ್ತಿರ ಪೌಡರ್ ಮಾರುವವನೊಬ್ಬ, ‘ನಿನ್ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಸತ್ತುಹೋಗಿವೆ’ ಎಂದು ಹೇಳಿ ಮೂರು ತಿಂಗಳ ಪ್ರೋಬಯಾಟಿಕ್ (ಜೀವಂತ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ) ಕ್ಯಾಪ್ಸೂಲ್ ಮತ್ತು ಒಂದು ಮಲಪರೀಕ್ಷೆ ಸೇರಿಸಿ ಲೆಕ್ಕ ಕೊಟ್ಟಿದ್ದಾನೆ. ನನ್ನ ಅರ್ಧ ಸಂಬಳ ಅಲ್ಲಿಗೆ ಹೋಗುತ್ತದೆ. ತೆಗೆದುಕೊಳ್ಳಬೇಕೇ? ಇದನ್ನು ದಾಟಿ ಬಂದವರು ಏನು ಮಾಡಿದಿರಿ? ಅವನಿಗೆ ನಾಚಿಕೆ, ತಾನಾಗಿ ಯಾರನ್ನೂ ಕೇಳುವುದಿಲ್ಲ. ಅವನಿಗೆ ಹೇಳದೆ ನಾನು ಬರೆಯುತ್ತಿದ್ದೇನೆ.

ಉತ್ತರ: ಖಡಕಿ, ಪುಣೆ

ತಂಗಿ, ಮೊದಲು ಅವನಿಗೆ ಈ ಒಂದು ಮಾತು ತಲುಪಿಸು. ನಮ್ಮ ತಂಡದಲ್ಲಿ ಹತ್ತು ಜನ ಒಂದೇ ವ್ಯಾನಿನಲ್ಲಿ ಹೊರಟರೆ ಬೆಳಗಿನ ಮೊದಲ ಪ್ರಶ್ನೆ ‘ಆಯಿತಾ?’ ಎಂಬುದೇ. ಏನು ಆಯಿತು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಅವನು ಇನ್ನೂ ಆ ವ್ಯಾನು ಹತ್ತಿಲ್ಲ ಎಂದು ಕಾಣುತ್ತದೆ. ಪುಣೆಯಲ್ಲಿ ಈ ಆಟ, ಈ ಬದುಕು ಹೊಸದಲ್ಲ. ಖಡಕಿಯಲ್ಲಿ ಸೈನಿಕರ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರವಿದೆ. 1965ರ ಯುದ್ಧದಲ್ಲಿ ಗುಂಡು ತಗುಲಿದ ಸಾಂಗಲಿ ಕಡೆಯ ಮುರಳೀಕಾಂತ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರಲ್ಲ, ಅವರೂ ಪುಣೆಯಲ್ಲಿ ನೆಲೆಸಿದವರೇ.

ನನ್ನದು ಡಿ-9. ಹತ್ತೊಂಬತ್ತು ವರ್ಷವಾಯಿತು. ಈಗ ಆಡುವುದು ಕಡಿಮೆ, ಹುಡುಗರಿಗೆ ಹೇಳಿಕೊಡುತ್ತೇನೆ. ನಾನು ಮಾಡಿದ ತಪ್ಪುಗಳನ್ನೇ ಬರೆಯುತ್ತೇನೆ, ಸರಿಯಾದದ್ದಕ್ಕಿಂತ ಅವು ಹೆಚ್ಚು ನೆನಪಿವೆ.

ಮೊದಲ ತಪ್ಪು ನಾರು. ಮಲಬದ್ಧತೆ ಎಂದ ಕೂಡಲೇ ಎಲ್ಲರೂ ‘ನಾರು ತಿನ್ನು’ ಎನ್ನುತ್ತಾರೆ. ನಮ್ಮ ಅತ್ತೆ ಧಾರವಾಡದಿಂದ ಗೋಧಿ ಹೊಟ್ಟಿನ ಡಬ್ಬಿಯನ್ನೇ ಕಳಿಸಿದರು. ಅದರ ಮೇಲೆ ರಾತ್ರಿ ಎರಡು ಚಮಚ ಇಸಬಗೋಲು. ನೀರು ಮಾತ್ರ ಕಡಿಮೆ ಕುಡಿಯುತ್ತಿದ್ದೆ, ಏಕೆಂದರೆ ನೀರು ಕುಡಿದಷ್ಟೂ ಮೂತ್ರ ತೆಗೆಯುವ ನಳಿಕೆ, ಕ್ಯಾತಿಟರ್, ಹಾಕಿಕೊಳ್ಳಬೇಕು. ನೀರಿಲ್ಲದ ಇಸಬಗೋಲು ಒಳಗೆ ಸಿಮೆಂಟಿನ ಹಾಗೆ ಕೂತಿತು. ಆರು ದಿನ. ಏಳನೇ ದಿನದ ಕಥೆ ಬೇಡ. ಆಮೇಲೆ ಒಬ್ಬ ಹಿರಿಯ ವೈದ್ಯರು ವಿವರಿಸಿದರು: ನಮ್ಮ ದೊಡ್ಡ ಕರುಳಿನ ನಡಿಗೆಯೇ ನಿಧಾನ. ನಿಧಾನವಾಗಿ ಸಾಗುವ ಗಾಡಿಗೆ ಹೊರೆ ಹೆಚ್ಚಿಸಿದರೆ ಅದು ಇನ್ನೂ ನಿಧಾನವಾಗುತ್ತದೆ. 1990ರ ದಶಕದಲ್ಲೇ ಬೆನ್ನುಹುರಿ ಪೆಟ್ಟಾದವರಿಗೆ ಹೊಟ್ಟು ಕೊಟ್ಟು ಅಳೆದು ನೋಡಿದ್ದಾರಂತೆ. ದೊಡ್ಡ ಕರುಳು ದಾಟಲು ಸುಮಾರು 28 ಗಂಟೆ ಹಿಡಿಯುತ್ತಿದ್ದದ್ದು 42 ಗಂಟೆಗೆ ಏರಿತು. ಹಾಗೆಂದು ನಾರು ಬಿಡಬೇಕಿಲ್ಲ. ಜೋಳದ ರೊಟ್ಟಿ, ಪಲ್ಯ ತಿಂದೇ ಇದ್ದೇನೆ. ಡಬ್ಬಿಯನ್ನು ಮಾತ್ರ ಎಮ್ಮೆಯಿರುವ ಮನೆಗೆ ಕೊಟ್ಟೆ.

ಎರಡನೆಯದು ಉಪವಾಸ. ನಿನ್ನ ತಮ್ಮ ಮಾಡುವುದನ್ನೇ ನಾನೂ ಮೂರು ವರ್ಷ ಮಾಡಿದೆ. ಒಂದು ಟೂರ್ನಮೆಂಟಿನಲ್ಲಿ ಮೂರನೇ ಕ್ವಾರ್ಟರ್ ಹೊತ್ತಿಗೆ ಕಣ್ಣು ಕತ್ತಲಿಟ್ಟು ಚಕ್ರ ತಳ್ಳಲಾಗದೆ ನಿಂತೆ. ಅದಕ್ಕಿಂತ ಕೆಟ್ಟದ್ದೆಂದರೆ, ಊಟ ಬಿಟ್ಟರೂ ಕರುಳು ಖಾಲಿಯಾಗುವುದಿಲ್ಲ. ಮೂರು ದಿನದ ಹಿಂದಿನದು ಅಲ್ಲೇ ಇರುತ್ತದೆ, ತನಗೆ ಬೇಕಾದಾಗ ಬರುತ್ತದೆ.

ಕೆಲಸಕ್ಕೆ ಬಂದದ್ದು ಗಡಿಯಾರ. ಡಿ-10ರವರಿಗೆ ಸಾಮಾನ್ಯವಾಗಿ ಬೆನ್ನುಹುರಿಯ ಕೆಳತುದಿಯ ಪ್ರತಿವರ್ತನೆ ಉಳಿದಿರುತ್ತದೆ. ಮೆದುಳಿನ ಅಪ್ಪಣೆ ತಲುಪದಿದ್ದರೂ ಕರುಳನ್ನು ಕೆಳಗಿನಿಂದ ಎಬ್ಬಿಸಬಹುದು. ನನ್ನದು ಹೀಗೆ: ಬೆಳಿಗ್ಗೆ ಐದೂವರೆಗೆ ಬಿಸಿ ಚಹಾ, ಎರಡು ಇಡ್ಲಿ. ಹೊಟ್ಟೆಗೆ ಏನಾದರೂ ಬಿದ್ದ ಇಪ್ಪತ್ತು ಮೂವತ್ತು ನಿಮಿಷಕ್ಕೆ ದೊಡ್ಡ ಕರುಳು ತಾನಾಗಿ ಒಮ್ಮೆ ಅಲುಗುತ್ತದೆ. ಆ ಹೊತ್ತಿಗೆ ಸಪೊಸಿಟರಿ, ಅಂದರೆ ಗುದದೊಳಗೆ ಇಡುವ ಮಾತ್ರೆ, ನಂತರ ಕೈಗವಸು ಹಾಕಿ, ಜೆಲ್ಲಿ ಹಚ್ಚಿ ಬೆರಳಿನಿಂದ ಮೆಲ್ಲನೆ ಸುತ್ತುವುದು. ಇದನ್ನು ಪುನರ್ವಸತಿ ನರ್ಸ್ ಹತ್ತಿರ ಕಣ್ಣಾರೆ ಕಲಿಯಬೇಕು, ನನ್ನ ಬರಹ ನೋಡಿ ಮಾಡುವುದಲ್ಲ. ಕಮೋಡ್ ಕುರ್ಚಿಗೆ ಮೆತ್ತನೆಯ ಆಸನ ಇರಲಿ. ಕೂತೇ ಇದ್ದರೆ ಚರ್ಮ ಒಡೆಯುತ್ತದೆ, ಒಂದು ಬೆಡ್‌ಸೋರ್ ಆದರೆ ಆಟದ ಒಂದು ಋತುವೇ ಹೋಯಿತು. ಮೊದಲ ಮೂರು ವಾರ ಏನೂ ಸರಿಹೋಗಲಿಲ್ಲ, ಬಿಡಬೇಕೆಂದೇ ಇದ್ದೆ. ಐದನೇ ವಾರ ದೇಹಕ್ಕೆ ಹೊತ್ತು ತಿಳಿಯಿತು. ಮ್ಯಾಚು ಬೆಳಿಗ್ಗೆ ಇದ್ದರೆ ಈ ಕೆಲಸವನ್ನು ರಾತ್ರಿಗೆ ಬದಲಾಯಿಸುತ್ತೇನೆ. ಹಿಂದಿನ ದಿನ ಬದಲಾಯಿಸಿದರೆ ಆಗದು, ಎರಡು ವಾರ ಮೊದಲೇ ಶುರು ಮಾಡಬೇಕು.

ಪೆಟ್ಟು ಇನ್ನೂ ಕೆಳಗೆ, ಸೊಂಟದ ಮಟ್ಟದಲ್ಲಿ ಆದವರಿಗೆ ಈ ಪ್ರತಿವರ್ತನೆ ಇರುವುದಿಲ್ಲ. ಅವರ ಕ್ರಮವೇ ಬೇರೆ, ಮಲ ಸ್ವಲ್ಪ ಗಟ್ಟಿಯಿರುವುದೇ ಅವರಿಗೆ ಅನುಕೂಲ. ನಮ್ಮ ತಂಡದ ಒಬ್ಬ ನನ್ನನ್ನು ನಕಲು ಮಾಡಲು ಹೋಗಿ ಒಂದು ತಿಂಗಳು ಕಷ್ಟಪಟ್ಟ. ಯಾವ ಬಗೆಯ ಕರುಳು ಎಂದು ವೈದ್ಯರನ್ನು ಕೇಳದೆ ಯಾರ ಕ್ರಮವನ್ನೂ ಎತ್ತಿಕೊಳ್ಳಬೇಡಿ.

ಒಂದು ಶಾಲಾ ನೋಟುಪುಸ್ತಕ ಕೊಡಿಸು. ಹೊತ್ತು, ಏನು ತಿಂದ, ಎಷ್ಟು ನೀರು, ಅಭ್ಯಾಸ ಎಷ್ಟು, ಮಲದ ಆಕಾರ ಒಂದರಿಂದ ಏಳರ ಬ್ರಿಸ್ಟಲ್ ಪಟ್ಟಿಯಲ್ಲಿ ಎಷ್ಟನೆಯದು. ನಾಲ್ಕು ವಾರ ಬರೆಯಲಿ. ನನ್ನ ಪುಸ್ತಕದಿಂದ ತಿಳಿದದ್ದು: ಅಭ್ಯಾಸದ ಹಿಂದಿನ ದಿನ ಮೊಳಕೆ ಕಾಳಿನ ಖಾರದ ಮಿಸಳ್ ತಿಂದರೆ ಮರುದಿನ ನಾನೊಂದು ಬಲೂನು. ಪುಣೆಯಲ್ಲಿದ್ದು ಮಿಸಳ್ ಬಿಡುವುದು ಎಂಥ ಶಿಕ್ಷೆ ಎಂಬುದು ಇಲ್ಲಿರುವವರಿಗೇ ಗೊತ್ತು. ಈಗ ಅದು ಮ್ಯಾಚು ಮುಗಿದ ರಾತ್ರಿಯ ಬಹುಮಾನ.

ಕ್ಯಾಪ್ಸೂಲಿನ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ತಿಳಿದವರು ಹೇಳಲಿ.

ಉತ್ತರ: ಮಾಟುಂಗಾ, ಮುಂಬಯಿ

ನಾನು ಆಹಾರತಜ್ಞೆ. ಊರು ಉಡುಪಿ ಕಡೆ. ಕ್ರೀಡಾಪಟುಗಳ ಜೊತೆ ಕೆಲಸ ಮಾಡುತ್ತೇನೆ, ಅವರಲ್ಲಿ ನಾಲ್ಕೈದು ಜನ ವೀಲ್‌ಚೇರ್ ಆಟಗಾರರು. ಖಡಕಿಯವರು ಗಡಿಯಾರದ ಬಗ್ಗೆ ಬರೆದದ್ದಕ್ಕೆ ನಾನು ಸೇರಿಸುವುದು ಏನೂ ಇಲ್ಲ. ಮಾರುವವನ ‘ಸತ್ತುಹೋಗಿವೆ’ ಎಂಬ ಮಾತನ್ನು ಮಾತ್ರ ಸ್ವಲ್ಪ ಬಿಡಿಸುತ್ತೇನೆ, ಏಕೆಂದರೆ ಅದರಲ್ಲಿ ಕಾಲು ಭಾಗ ನಿಜವಿದೆ. ಇಂಥ ಕಾಲು ನಿಜಗಳೇ ಹೆಚ್ಚು ಮಾರಾಟವಾಗುತ್ತವೆ.

ಜಠರ, ಸಣ್ಣ ಕರುಳು, ದೊಡ್ಡ ಕರುಳಿನ ಮೊದಲ ಭಾಗ ಇವುಗಳಿಗೆ ಹೋಗುವ ವೇಗಸ್ ನರ ನೇರವಾಗಿ ಮೆದುಳಿನ ಬುಡದಿಂದ ಬರುತ್ತದೆ, ಬೆನ್ನುಹುರಿಯ ದಾರಿ ಹಿಡಿಯುವುದಿಲ್ಲ. ಹಾಗಾಗಿ ಪೆಟ್ಟಾದ ಮೇಲೂ ಅದು ಕೆಲಸ ಮಾಡುತ್ತದೆ. ದೊಡ್ಡ ಕರುಳಿನ ಕೊನೆಯ ಭಾಗ ಮತ್ತು ಗುದದ ನರಗಳು ಬೆನ್ನುಹುರಿಯ ಕೆಳತುದಿಯಿಂದ ಬರುವವು, ಅಲ್ಲಿಗೆ ಮೆದುಳಿನ ಸಂಪರ್ಕ ತಪ್ಪಿದೆ. ಮೇಲೆ ಊಟ ಎಂದಿನಂತೆ ಇಳಿಯುತ್ತದೆ, ಕೆಳಗೆ ದಾರಿ ಕಟ್ಟುತ್ತದೆ. ಹೀಗೆ ಹೆಚ್ಚು ಹೊತ್ತು ನಿಂತ ಕಡೆ ವಾಸಿಸುವ ಜೀವಿಗಳೂ ಬದಲಾಗುತ್ತವೆ. ಹರಿಯುವ ಹೊಳೆಯ ಮೀನು ಬೇರೆ, ನಿಂತ ಕೆರೆಯ ಮೀನು ಬೇರೆ.

ಟರ್ಕಿಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆನ್ನುಹುರಿ ಪೆಟ್ಟಾದವರ ಕರುಳಿನಲ್ಲಿ ಬ್ಯುಟಿರೇಟ್ ತಯಾರಿಸುವ ಕೆಲವು ಬಗೆಯ ಬ್ಯಾಕ್ಟೀರಿಯಾ ಕಡಿಮೆ ಇರುವುದು ಕಂಡಿತು. ಬ್ಯುಟಿರೇಟ್ ಎಂಬುದು ನಾರನ್ನು ಹುದುಗಿಸಿದಾಗ ಹುಟ್ಟುವ ಸಣ್ಣ ಕೊಬ್ಬಿನಾಮ್ಲ, ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಊಟ. ಅದೇ ವರ್ಷ ಅಮೆರಿಕದ ಓಹಾಯೊದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಪೆಟ್ಟಾದ ಮೇಲೆ ಪ್ರೋಬಯಾಟಿಕ್ ಪಡೆದ ಇಲಿಗಳು ಉಳಿದವಕ್ಕಿಂತ ಸ್ವಲ್ಪ ಚೆನ್ನಾಗಿ ಚೇತರಿಸಿಕೊಂಡವು. ಮಾರುವವರು ಈ ಇಲಿಗಳನ್ನು ಹಿಡಿದುಕೊಂಡು ಬರುತ್ತಾರೆ. ಮೂರು ವರ್ಷ ಕಳೆದ ಮನುಷ್ಯನಿಗೆ ಅದೇ ಫಲ ಸಿಗುತ್ತದೆ ಎಂಬುದಕ್ಕೆ ಆ ಇಲಿಗಳಲ್ಲಿ ಯಾವ ಆಧಾರವೂ ಇಲ್ಲ.

ಇನ್ನು ಆಟದ ಕಡೆ. 2014ರಲ್ಲಿ ಐರ್ಲೆಂಡಿನ ರಗ್ಬಿ ಆಟಗಾರರ ಕರುಳನ್ನು ನೋಡಿದಾಗ ಬ್ಯಾಕ್ಟೀರಿಯಾ ಬಗೆಗಳು ಸಾಮಾನ್ಯರಿಗಿಂತ ಹೆಚ್ಚು ಇದ್ದವು. ಅದರಲ್ಲಿ ವ್ಯಾಯಾಮದ ಪಾಲೆಷ್ಟು, ಅವರು ತಿನ್ನುವ ಪ್ರೋಟೀನಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. 2019ರಲ್ಲಿ ಬಾಸ್ಟನ್ ಮ್ಯಾರಥಾನ್ ಓಟಗಾರರಲ್ಲಿ ಓಟದ ನಂತರ ವೆಯ್ಲೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೆಚ್ಚಿದ್ದು ತಿಳಿಯಿತು. ಅದು ದಣಿದ ಸ್ನಾಯುವಿನಿಂದ ಬರುವ ಲ್ಯಾಕ್ಟೇಟ್ ಎಂಬ ವಸ್ತುವನ್ನೇ ತಿಂದು ಬದುಕುವಂಥದ್ದು. ಅಂದರೆ ನಿಮ್ಮ ತಮ್ಮ ಚಕ್ರ ತಳ್ಳುವುದು ಕೂಡ ಅವನ ಕರುಳಿನ ಜೀವಿಗಳಿಗೆ ಒಂದು ಸುದ್ದಿ. ಆಟ ಬಿಡಿಸುವ ಯೋಚನೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದನ್ನು ತೆಗೆದುಹಾಕಿ.

ಗಾಲಿಕುರ್ಚಿಯ ಉನ್ನತ ಮಟ್ಟದ ಆಟಗಾರರ ಮೇಲೆಯೇ ಸ್ವಿಟ್ಜರ್ಲೆಂಡಿನ ನೊಟ್‌ವಿಲ್‌ನಲ್ಲಿ ಒಂದು ಪ್ರಯೋಗ ನಡೆದಿದೆ. ನಾಲ್ಕು ವಾರ ಪ್ರೋಬಯಾಟಿಕ್, ನಡುವೆ ಬಿಡುವು, ಮತ್ತೆ ನಾಲ್ಕು ವಾರ ಓಟ್ಸಿನ ಹೊಟ್ಟು. ಕೆಲವರಿಗೆ ಇದರ ತಿರುವುಮುರುವು. ಇದ್ದವರು ಬೆರಳೆಣಿಕೆಯ ಆಟಗಾರರು. ಇಂಥ ಪ್ರಯೋಗ ಮಾಡಲು ಸಾಧ್ಯವೇ ಎಂದು ನೋಡುವುದೇ ಅದರ ಮೊದಲ ಗುರಿಯಾಗಿತ್ತು. ಜಗತ್ತಿನಲ್ಲಿ ಈ ವಿಷಯ ಇನ್ನೂ ಆ ಹಂತದಲ್ಲಿದೆ. ಹಡಪಸರದ ಪೌಡರ್ ಅಂಗಡಿಯಲ್ಲಿ ಮಾತ್ರ ಎಲ್ಲ ತೀರ್ಮಾನವಾಗಿಬಿಟ್ಟಿದೆ!

ಹಾಗಾದರೆ ಏನು ತಿನ್ನಬೇಕು? ನಾನು ಹುಡುಗರಿಗೆ ಹೇಳುವುದು: ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ವಾರ ಕಾದು ನೋಡಿ. ಹೆಸರುಬೇಳೆ ತೊವ್ವೆಯಿಂದ ಶುರು ಮಾಡಿ, ಕಡಲೆ, ಅಲಸಂದೆ ಆಮೇಲೆ. ಕಾಳು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಿ. ಹಸಿ ಈರುಳ್ಳಿ, ಹೂಕೋಸು ಮ್ಯಾಚಿನ ಹಿಂದಿನ ದಿನ ಬೇಡ. ಬೇಯಿಸಿ ತಣಿಸಿದ ಅನ್ನದಲ್ಲಿ, ಬಾಳೆಕಾಯಿಯಲ್ಲಿ ಸುಲಭಕ್ಕೆ ಜೀರ್ಣವಾಗದ ಒಂದು ಬಗೆಯ ಪಿಷ್ಟವಿದೆ. ಅದು ಕೆಳಗಿನವರೆಗೆ ಇಳಿದು ಬ್ಯಾಕ್ಟೀರಿಯಾಗಳಿಗೆ ಮೇವಾಗುತ್ತದೆ. ನಮ್ಮ ಅಜ್ಜಿ ತಂಗಳನ್ನಕ್ಕೆ ಮಜ್ಜಿಗೆ ಹೊಯ್ದು ಕೊಡುತ್ತಿದ್ದರು, ನಾವು ಮೂಗು ಮುರಿಯುತ್ತಿದ್ದೆವು. ಮುಂಬಯಿಯ ಸೆಖೆಯಲ್ಲಿ ಅದೇ ಅನ್ನವನ್ನು ಹೊರಗಿಟ್ಟರೆ ಬೇರೆಯೇ ಬ್ಯಾಕ್ಟೀರಿಯಾ ಬೆಳೆದೀತು. ಬೇಗ ತಣಿಸಿ ಫ್ರಿಜ್ಜಿನಲ್ಲಿಡಿ.

ಮೊಸರಿನ ಬಗ್ಗೆ ನಮ್ಮವರಿಗೆ ಭಕ್ತಿ ಹೆಚ್ಚು. ಮನೆಯ ಮೊಸರು ಒಳ್ಳೆಯದು, ದಿನವೂ ತಿನ್ನಲಿ. ಆದರೆ ಹೆಪ್ಪಿನಿಂದ ಹೆಪ್ಪಿಗೆ ಅದರೊಳಗಿನ ಜೀವಿಗಳು ಬದಲಾಗುತ್ತವೆ. ಪರೀಕ್ಷೆಯಲ್ಲಿ ಬಳಸಿದ ನಿರ್ದಿಷ್ಟ ತಳಿಗೆ ಅದು ಸಮವಲ್ಲ. ಮಜ್ಜಿಗೆಹುಳಿಯಾಗಿ ಕುದಿಸಿದ ಮೇಲೆ ರುಚಿ ಉಳಿಯುತ್ತದೆ, ಜೀವಿಗಳು ಉಳಿಯುವುದಿಲ್ಲ.

ಇನ್ನೊಂದು ಮಾತು, ಯಾರೂ ಹೇಳುವುದಿಲ್ಲವೆಂದು ಹೇಳುತ್ತೇನೆ. ಕಾಲಿನ ದೊಡ್ಡ ಸ್ನಾಯುಗಳು ಕೆಲಸ ಮಾಡದ ಕಾರಣ ಅವನ ದೇಹದ ದಿನದ ಖರ್ಚು ಅವನ ವಯಸ್ಸಿನ ನಡೆಯುವ ಆಟಗಾರನಿಗಿಂತ ಕಡಿಮೆ. ಕಡಿಮೆ ಊಟದಲ್ಲೇ ಪ್ರೋಟೀನು, ನಾರು, ಕಬ್ಬಿಣ ಎಲ್ಲ ಹಿಡಿಸಬೇಕು. ಬಿಸ್ಕತ್ತಿಗೆ ಅಲ್ಲಿ ಜಾಗವಿಲ್ಲ. ಮ್ಯಾಚಿನ ಮೂರು ಗಂಟೆ ಮೊದಲು ಮೊಸರನ್ನವೋ ಇಡ್ಲಿಯೋ, ಒಂದು ಗಂಟೆ ಮೊದಲು ಮಾಗಿದ ಬಾಳೆಹಣ್ಣು. ಇದನ್ನು ಮೊದಲು ಅಭ್ಯಾಸದ ದಿನಗಳಲ್ಲಿ ಮಾಡಿ ನೋಡಲಿ.

ಉತ್ತರ: ಡೊಂಬಿವಲಿ

ನಾನು ಓದಿದವಳಲ್ಲ, ಒಬ್ಬ ತಾಯಿ. ನನ್ನ ಮಗನಿಗೆ ಕತ್ತಿನಲ್ಲಿ ಪೆಟ್ಟು, ಸಿ-6. ವೀಲ್‌ಚೇರ್ ರಗ್ಬಿ ಆಡುತ್ತಾನೆ. ಕೈಬೆರಳು ಹಿಡಿತವಿಲ್ಲ, ಆದ್ದರಿಂದ ಅವನ ಬೆಳಗಿನ ಕೆಲಸ ಇಂದಿಗೂ ನನ್ನದೇ. ಮೊದಲ ವರ್ಷ ಅವನು ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದ, ನಾನು ಬಾಗಿಲ ಹೊರಗೆ ಹೋಗಿ ಅಳುತ್ತಿದ್ದೆ. ಈಗ ಆ ಹೊತ್ತಿನಲ್ಲಿ ಇಬ್ಬರೂ ಕ್ರಿಕೆಟ್ ಕಾಮೆಂಟರಿ ಕೇಳುತ್ತೇವೆ.

ಒಂದು ಎಚ್ಚರಿಕೆ ಹೇಳಲು ಬಂದೆ. ರಕ್ತದೊತ್ತಡ ಇದ್ದಕ್ಕಿದ್ದಂತೆ ಏರುವ ಅಪಾಯದ ಬಗ್ಗೆ. ನಿಮ್ಮ ತಮ್ಮನಿಗೆ ಡಿ-10, ಅವನಿಗೆ ಇದು ಬರುವುದು ಅಪರೂಪ. ಡಿ-6ರಲ್ಲಿ ಅಥವಾ ಅದಕ್ಕಿಂತ ಮೇಲೆ, ಕತ್ತಿನ ಕಡೆಗೆ, ಪೆಟ್ಟಾದ ಗೆಳೆಯರು ತಂಡದಲ್ಲಿ ಇದ್ದರೆ ಅವರಿಗಾಗಿ ತಿಳಿದುಕೊಳ್ಳಿ. ಎರಡು ವರ್ಷದ ಹಿಂದೆ ಅಭ್ಯಾಸದ ಹೊತ್ತಿಗೆ ಮಗನ ಮುಖ ಕೆಂಪಾಯಿತು, ಹಣೆಯಲ್ಲಿ ಬೆವರು, ತಲೆ ಒಡೆದುಹೋಗುವ ನೋವು. ಅವನ ರಕ್ತದೊತ್ತಡ ಎಂದೂ 95ರ ಮೇಲೆ ಹೋಗುವುದಿಲ್ಲ, ಅಂದು 170 ಇತ್ತು. ಬಿಸಿಲು ತಗುಲಿತೆಂದು ಎಲ್ಲರೂ ಅವನನ್ನು ಮಲಗಿಸಲು ಹೋದರು. ಮಲಗಿಸಬಾರದು! ನೆಟ್ಟಗೆ ಕೂರಿಸಬೇಕು, ಬೆಲ್ಟು, ಬಟ್ಟೆ ಸಡಿಲಿಸಬೇಕು, ಮೂತ್ರದ ನಳಿಕೆ ಮಡಚಿದೆಯೇ ನೋಡಬೇಕು. ನಳಿಕೆ ಸರಿಯಿತ್ತು. ಆಸ್ಪತ್ರೆಯಲ್ಲಿ ನೋಡಿದರೆ ಕರುಳು ತುಂಬಿ ಗಟ್ಟಿಯಾಗಿತ್ತು. ಅದು ಹೊರಬಂದ ಮೇಲೆ ಒತ್ತಡ ಇಳಿಯಿತು. ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂದು ಅದಕ್ಕೆ ಹೆಸರು, ಬಿಟ್ಟರೆ ಪ್ರಾಣಕ್ಕೇ ಅಪಾಯ. ಕೆಲವು ಆಟಗಾರರು ಇದೇ ಒತ್ತಡವನ್ನು ಬೇಕೆಂದೇ ಬರಿಸಿಕೊಂಡು ವೇಗ ಹೆಚ್ಚಿಸಿಕೊಳ್ಳುತ್ತಿದ್ದರಂತೆ. ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಅದನ್ನು ನಿಷೇಧಿಸಿದೆ, ಸ್ಪರ್ಧೆಗೆ ಮೊದಲು ಮೇಲಿನ ಅಂಕಿ 160 ದಾಟಿದ್ದರೆ ಆಡಲು ಬಿಡುವುದಿಲ್ಲ ಎಂದು ಮಗನ ಕೋಚ್ ಹೇಳಿದರು. ಕೇಳಿ ನನ್ನ ಎದೆ ಝಲ್ಲೆಂದಿತು. ಬಾರದಿರಲಿ ಎಂದು ನಾನು ಬೇಡುವುದನ್ನು ಇನ್ನೊಬ್ಬರು ಬರಿಸಿಕೊಳ್ಳುತ್ತಾರೆ.

ಮುಂಬಯಿಯಲ್ಲಿದ್ದವರಿಗೆ ಹಾಜಿ ಅಲಿಯಲ್ಲಿ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ ಇದೆ. ಹೋಗುವುದು ದೂರ, ಆದರೆ ಇಂಥವರನ್ನು ನೋಡಿ ಅನುಭವ ಇರುವ ಕೈಗಳು ಬೇಕು.

ಉತ್ತರ: ನವಿ ಮುಂಬಯಿ

ನಾನು ಆ ಮಲಪರೀಕ್ಷೆ ಮಾಡಿಸಿದವನು. ಟೇಬಲ್ ಟೆನಿಸ್ ಆಡುತ್ತೇನೆ, ಡಿ-12. ನಲವತ್ತು ಪುಟದ ಬಣ್ಣದ ವರದಿ ಬಂತು, ಮದುವೆ ಆಲ್ಬಮ್ಮಿನ ಹಾಗೆ. ಕೊನೆಯ ಪುಟದಲ್ಲಿ ಅದೇ ಕಂಪನಿಯ ಕ್ಯಾಪ್ಸೂಲ್. ವೈದ್ಯರಿಗೆ ತೋರಿಸಿದೆ. ‘ಇದನ್ನು ನೋಡಿ ನಿನ್ನ ಚಿಕಿತ್ಸೆಯಲ್ಲಿ ನಾನು ಏನನ್ನೂ ಬದಲಾಯಿಸಲಾರೆ’ ಎಂದರು. ಕ್ಯಾಪ್ಸೂಲನ್ನೂ ಎರಡು ತಿಂಗಳು ನುಂಗಿದೆ. ಮೊದಲ ವಾರ ಗಾಳಿ ಹೆಚ್ಚಾಯಿತು, ಆಮೇಲೆ ಮೊದಲಿನಂತೆಯೇ. ಗೆಳೆಯನೊಬ್ಬನಿಗೆ ಬೇರೆ ಕ್ಯಾಪ್ಸೂಲಿನಿಂದ ಉಬ್ಬರ ಇಳಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವನು ಅದೇ ತಿಂಗಳು ಕೋಲಾ ಕುಡಿಯುವುದನ್ನೂ ಬಿಟ್ಟಿದ್ದ.

ಆಟಗಾರರು ಇನ್ನೊಂದನ್ನು ನೋಡಬೇಕು. ಪ್ರೋಬಯಾಟಿಕ್ ನಿಷೇಧಿತ ವಸ್ತುವಲ್ಲ. ಆದರೆ ಪೌಡರಿನ ಜೊತೆ ಬೆರೆಸಿ ಮಾರುವ ಡಬ್ಬಿಯಲ್ಲಿ ಬೇರೇನಿದೆ ಎಂದು ಯಾರಿಗೆ ಗೊತ್ತು? ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹೊಣೆ ಆಟಗಾರನದೇ, ಅಂಗಡಿಯವನದಲ್ಲ.

ಉತ್ತರ: ವಾಸ್ಕೊ, ಗೋವಾ

ಹಾವೇರಿಯವಳು, ಮೂವತ್ತೆರಡು ವರ್ಷ ನರ್ಸ್ ಆಗಿದ್ದು ನಿವೃತ್ತಳಾಗಿದ್ದೇನೆ. ಎಲ್ಲರೂ ಊಟದ ಬಗ್ಗೆ ಬರೆದಿರಿ. ನನ್ನ ಕಣ್ಣು ಬಿದ್ದದ್ದು ಆ ಹುಡುಗಿ ನಡುವೆ ಹೇಳಿ ಮುಂದೆ ಹೋದ ಒಂದು ವಾಕ್ಯದ ಮೇಲೆ: ವರ್ಷಕ್ಕೆ ನಾಲ್ಕು ಸಲ ಆಂಟಿಬಯಾಟಿಕ್.

ಕರುಳಿನ ಜೀವಿಗಳನ್ನು ಬುಡಮೇಲು ಮಾಡುವುದು ಅದೇ. ಮೊದಲು ಕೇಳಬೇಕಾದದ್ದು, ಆ ನಾಲ್ಕೂ ನಿಜವಾದ ಸೋಂಕೇ ಎಂದು. ಕ್ಯಾತಿಟರ್ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಜ್ವರವಿಲ್ಲ, ಚಳಿಯಿಲ್ಲ, ಸ್ನಾಯು ಸೆಳೆತ ಹೆಚ್ಚಿಲ್ಲ, ಸೋರಿಕೆ ಹೆಚ್ಚಿಲ್ಲ, ಬರೀ ಮೂತ್ರ ಮಬ್ಬಾಗಿದೆ, ವಾಸನೆಯಿದೆ ಎಂದು ಮಾತ್ರೆ ಶುರು ಮಾಡುವುದು ತಪ್ಪು. ನೀರು ಸಾಕಷ್ಟು ಕುಡಿದು ನೋಡಿ. ಲಕ್ಷಣ ಇದ್ದರೆ ಮೊದಲ ಮಾತ್ರೆಗೆ ಮುನ್ನ ಕಲ್ಚರ್ ಪರೀಕ್ಷೆಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಪರೀಕ್ಷೆಗೆ, ಮೂತ್ರ ಕೊಡಿ. ಹಿಂದಿನ ಚೀಟಿ ತೋರಿಸಿ ಔಷಧದ ಅಂಗಡಿಯಲ್ಲಿ ಅದೇ ಮಾತ್ರೆ ಕೊಳ್ಳುವ ಅಭ್ಯಾಸ ನಮ್ಮ ವಾರ್ಡಿಗೆ ಬಂದವರಲ್ಲಿ ಅರ್ಧ ಜನಕ್ಕಿತ್ತು.

ಎರಡನೆಯದು, ಅವನ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ವೈದ್ಯರೆದುರು ಇಡಿ. ಮೂತ್ರಕೋಶ ಸಡಿಲಿಸಲು ಆಕ್ಸಿಬ್ಯುಟಿನಿನ್ ಅಥವಾ ಅಂಥದ್ದು ಕೊಟ್ಟಿದ್ದರೆ ಅದು ಕರುಳನ್ನೂ ನಿಧಾನ ಮಾಡುತ್ತದೆ. ಕಬ್ಬಿಣದ ಮಾತ್ರೆ ಗಟ್ಟಿ ಮಾಡುತ್ತದೆ. ‘ಗ್ಯಾಸಿಗೆ’ ಎಂದು ವರ್ಷಗಟ್ಟಲೆ ನುಂಗುವ ಆಮ್ಲ ತಗ್ಗಿಸುವ ಮಾತ್ರೆಯೂ ಕರುಳಿನ ಜೀವಿಗಳನ್ನು ಬದಲಿಸುತ್ತದೆ. ತಾವಾಗಿ ಯಾವುದನ್ನೂ ನಿಲ್ಲಿಸಬೇಡಿ, ಕೇಳಿ ಬದಲಿಸಿಕೊಳ್ಳಿ.

ಮೂರನೆಯದು. ನಾಲ್ಕು ದಿನ ಕಟ್ಟಿ, ಐದನೇ ದಿನ ನೀರಾಗಿ ಸೋರಿದರೆ ಅದು ಭೇದಿಯಲ್ಲ ಎಂದು ಮೊದಲು ಅನುಮಾನಿಸಿ. ಒಳಗೆ ಗಟ್ಟಿ ಗಡ್ಡೆ ಕೂತು, ಅದರ ಸುತ್ತಿನಿಂದ ನೀರು ಜಿನುಗುತ್ತಿರಬಹುದು. ಆಗ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಕೆಲಸ ಕೆಟ್ಟಿತು. ಹೊಟ್ಟೆ ಕಲ್ಲಿನಂತಾಗಿ ವಾಂತಿ ಬಂದರೆ, ರಕ್ತ ಕಂಡರೆ ಕಾಯಬೇಡಿ. ಅವನಿಗೆ ನೋವು ತಿಳಿಯುವುದಿಲ್ಲ ಎಂಬುದನ್ನು ಮರೆಯಬೇಡಿ.

ಈಗ ಪ್ರೋಬಯಾಟಿಕ್. 1948ರಲ್ಲಿ ಡಾಕ್ಟರ್ ಗುಟ್‌ಮನ್ ಹದಿನಾರು ಗಾಯಾಳುಗಳಿಂದ ಬಿಲ್ಲುಗಾರಿಕೆ ಆಡಿಸಿ ಪ್ಯಾರಾಲಿಂಪಿಕ್ಸಿಗೆ ಬೀಜ ಬಿತ್ತಿದ ಆಸ್ಪತ್ರೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್. ಅದೇ ಆಸ್ಪತ್ರೆಯ ತಂಡ ಆಂಟಿಬಯಾಟಿಕ್ ತೆಗೆದುಕೊಳ್ಳುವ ಬೆನ್ನುಹುರಿ ರೋಗಿಗಳಿಗೆ ಯಾಕುಲ್ಟ್ ಎಂಬ ಹುದುಗಿಸಿದ ಹಾಲಿನ ಪಾನೀಯದಲ್ಲಿರುವ ಬ್ಯಾಕ್ಟೀರಿಯಾ ಕೊಟ್ಟು ನೋಡಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕುಡಿದವರಲ್ಲಿ ಭೇದಿ ಶೇಕಡಾ 17, ಕುಡಿಯದವರಲ್ಲಿ ಶೇಕಡಾ 55ರ ಹತ್ತಿರ. ನಾವೆಲ್ಲ ಎಷ್ಟು ಖುಷಿಪಟ್ಟಿದ್ದೆವು! ಆಮೇಲೆ ಹಲವು ಆಸ್ಪತ್ರೆ ಸೇರಿ, ಹೋಲಿಕೆಗೆ ಅದೇ ರುಚಿಯ ಬರಿಯ ಪಾನೀಯ ಇಟ್ಟು ದೊಡ್ಡದಾಗಿ ಮಾಡಿದಾಗ ವ್ಯತ್ಯಾಸ ಕಾಣಲಿಲ್ಲ. ಮೂತ್ರದ ಸೋಂಕು ತಡೆಯಲು ಆಸ್ಟ್ರೇಲಿಯದಲ್ಲಿ ಇನ್ನೂರಕ್ಕೂ ಹೆಚ್ಚು ಜನಕ್ಕೆ ಪ್ರೋಬಯಾಟಿಕ್ ಕೊಟ್ಟರು, ಅಲ್ಲೂ ಫಲ ಸಿಗಲಿಲ್ಲ. ಆದ್ದರಿಂದ ಅರ್ಧ ಸಂಬಳ ಕೊಡುವ ಮಾತು ನನಗೆ ಒಪ್ಪಿಗೆಯಿಲ್ಲ. ಎಲ್ಲ ಸರಿಪಡಿಸಿದ ಮೇಲೂ ಉಬ್ಬರ ಉಳಿದರೆ, ವೈದ್ಯರು ತಳಿಯ ಹೆಸರು ಬರೆದು ಕೊಟ್ಟರೆ, ನಾಲ್ಕು ವಾರ ನೋಡಿ. ನೋಟುಪುಸ್ತಕದಲ್ಲಿ ಬದಲಾವಣೆ ಕಾಣದಿದ್ದರೆ ನಿಲ್ಲಿಸಿ. ಆ ಹಣದಲ್ಲಿ ಒಳ್ಳೆಯ ಕಮೋಡ್ ಕುರ್ಚಿ ಬರುತ್ತದೆ.

ಮತ್ತೆ ಪ್ರಶ್ನೆ ಕೇಳಿದವಳು: ಹಡಪಸರ, ಏಳು ವಾರದ ನಂತರ

ಅವನಿಗೆ ಹೇಳಿದೆ. ಎರಡು ದಿನ ಮಾತು ಬಿಟ್ಟ. ಮೂರನೇ ದಿನ ರಾತ್ರಿ ನನ್ನ ಮೊಬೈಲು ತೆಗೆದುಕೊಂಡು ಎಲ್ಲವನ್ನೂ ಓದಿದ. ‘ಆ ಸಿಮೆಂಟಿನವರು ಯಾರು?’ ಎಂದು ಕೇಳಿದ. ಅಷ್ಟೇ.

ಕ್ಯಾಪ್ಸೂಲು ತೆಗೆದುಕೊಳ್ಳಲಿಲ್ಲ. ವಾಸ್ಕೊದ ಅಕ್ಕ ಹೇಳಿದಂತೆ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋದೆವು. ಮೂತ್ರಕೋಶದ ಮಾತ್ರೆ ಬದಲಾಯಿತು. ಯಾರೋ ಯಾವಾಗಲೋ ಬರೆದ ಗ್ಯಾಸಿನ ಮಾತ್ರೆಯನ್ನು ವೈದ್ಯರು ನಿಲ್ಲಿಸಿದರು. ಕಳೆದ ತಿಂಗಳು ಮೂತ್ರ ಮಬ್ಬಾದಾಗ ಜ್ವರವಿರಲಿಲ್ಲ, ಕಾದೆವು, ತಾನಾಗಿ ತಿಳಿಯಾಯಿತು. ಬೆಳಿಗ್ಗೆ ಆರಕ್ಕೆ ಚಹಾ, ಆರೂವರೆಗೆ ಅವನ ಕೆಲಸ. ಮೊದಲ ಮೂರು ವಾರ ಖಡಕಿಯ ಅಣ್ಣ ಬರೆದಂತೆಯೇ ಏನೂ ಸರಿಹೋಗಲಿಲ್ಲ, ನೋಟುಪುಸ್ತಕವನ್ನು ಒಮ್ಮೆ ಎಸೆದೂಬಿಟ್ಟ. ಈಗ ಏಳು ದಿನದಲ್ಲಿ ಐದು ದಿನ ಸರಿಯಾಗಿ ಆಗುತ್ತಿದೆ. ಉಬ್ಬರ ಪೂರ್ತಿ ಹೋಗಿಲ್ಲ. ಕಡಲೆ ಉಸಳಿಯೇ ಕಾರಣ ಎಂದು ಪುಸ್ತಕ ಹೇಳುತ್ತದೆ, ಅವನು ಒಪ್ಪುವುದಿಲ್ಲ. ಹೋದ ಭಾನುವಾರ ಬಾಲೇವಾಡಿಯಲ್ಲಿ ಮೊಸರನ್ನ ತಿಂದು ಆಡಿದ. ನಾನು ಇಡೀ ಮ್ಯಾಚು ಅವನ ಮುಖವನ್ನೇ ನೋಡುತ್ತಿದ್ದೆ, ಯಾರು ಗೆದ್ದರೆಂದು ಕೊನೆಗೆ ಪಕ್ಕದವರನ್ನು ಕೇಳಬೇಕಾಯಿತು.

ಈಗ ಹೊಸ ಚಿಂತೆ. ಮುಂದಿನ ತಿಂಗಳು ಚೆನ್ನೈಯಲ್ಲಿ ಟೂರ್ನಮೆಂಟು, ರೈಲಿನಲ್ಲಿ ರಾತ್ರಿ ಪೂರ್ತಿ ಪ್ರಯಾಣ. ರೈಲಿನ ಶೌಚಾಲಯಕ್ಕೆ ಅವನ ಕುರ್ಚಿ ಹೋಗುವುದಿಲ್ಲ. ಏನು ಮಾಡುತ್ತೀರಿ?

ಖಡಕಿಯಿಂದ

ಹೊರಡುವ ದಿನ ಬೆಳಿಗ್ಗೆ ಮನೆಯಲ್ಲಿ ಮುಗಿಸಲಿ, ಮುಂದಿನದು ಚೆನ್ನೈ ತಲುಪಿದ ಮೇಲೆ, ಚಹಾ ಕುಡಿದು. ಒಂದು ದಿನ ತಪ್ಪಿದರೆ ಏನೂ ಆಗದು. ನೀರು ಮಾತ್ರ ಬಿಡಬಾರದು. ದಿವ್ಯಾಂಗರ ಬೋಗಿಯಲ್ಲಿ ಟಿಕೆಟ್ ಸಿಗುತ್ತದೆಯೇ ಮೊದಲು ನೋಡು, ಅಲ್ಲಿನ ಶೌಚಾಲಯದ ಬಾಗಿಲು ಅಗಲ. ಹಾಸಲು ಎರಡು ಪ್ಯಾಡು, ಕೈಗವಸು, ಜೆಲ್ಲಿ, ಒಂದು ಜೊತೆ ಬಟ್ಟೆ, ಮುಚ್ಚಳವಿರುವ ಕಸದ ಚೀಲ ಇವೆಲ್ಲ ಕೈಗೆ ಸಿಗುವ ಬ್ಯಾಗಿನಲ್ಲಿರಲಿ, ಸೀಟಿನ ಕೆಳಗೆ ತಳ್ಳಬೇಡ. ದೌಂಡ್ ಸ್ಟೇಷನ್ನಿನಲ್ಲಿ ಯಾರಾದರೂ ವಡಾಪಾವ್ ಕೊಡಲು ಬಂದರೆ ನನ್ನ ಹೆಸರು ಹೇಳಿ ಬೇಡವೆನ್ನಲಿ. ಮತ್ತೆ, ಸಿಮೆಂಟಿನವನು ನಾನೇ ಎಂದು ಅವನಿಗೆ ಹೇಳು, ಶನಿವಾರ ಸಂಜೆ ಮೈದಾನದಲ್ಲಿ ಸಿಗುತ್ತೇನೆ.